ತಗಡಿನ ಶೆಡ್‌ನಲ್ಲಿ ಪದ್ಮಿನಿ ಕಾರಿಗೆ ಪೇಂಟ್: ದೋಷ ಎಲ್ಲಿ ಬರಬೇಕು ಅಂತ ನಾನೇ ತೀರ್ಮಾನಿಸಿದೆ

ಹಳೆ ಕಾರಿನ ಪೇಂಟಿನಲ್ಲಿ ಸಣ್ಣಪುಟ್ಟ ದೋಷ ಬಂದೇ ಬರುತ್ತದೆ. ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಿಕೊಂಡರೆ, ಬೂತ್ (ಧೂಳು ಬರದ ಹಾಗೆ ಮುಚ್ಚಿದ ಪೇಂಟ್ ಕೋಣೆ) ಇಲ್ಲದೆಯೂ ಒಳ್ಳೆ ಕೆಲಸ ಆಗುತ್ತದೆ. ಇದನ್ನು ಹೇಳಿದಾಗ ಶಿವಮೊಗ್ಗದ ಪೇಂಟರ್‌ಗಳು ನಕ್ಕಿದ್ದರು. "ಬೂತ್ ಇಲ್ದೆ ಪಿಯು ಹೊಡೀತೀರಾ ಸಾರ್? ನೊಣ, ಧೂಳು ಎಲ್ಲಾ ಸೇರಿ ಸಾರಿನ ಒಗ್ಗರಣೆ ಆಗುತ್ತೆ" ಅಂದಿದ್ದರು ಒಬ್ಬರು. ಪಿಯು ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಪೇಂಟ್. ಈಗ ನನ್ನ ಪದ್ಮಿನಿ ಎರಡು ಮಲೆನಾಡು ಮಳೆಗಾಲ ಕಂಡಿದೆ. ಪೇಂಟ್ ಎಲ್ಲೂ ಎದ್ದಿಲ್ಲ, ಬಿಳಿಚಿಕೊಂಡಿಲ್ಲ. ಅದಕ್ಕೇ ಬರೆಯುವ ಧೈರ್ಯ ಬಂತು. ಸ್ಪ್ರೇ ಗನ್ ಹಿಡಿಯುವುದು, ಪಟ್ಟಿ (ತಗ್ಗು ತುಂಬುವ ಪುಟ್ಟಿ) ಎಳೆಯುವುದು ಗೊತ್ತಿರುವವರಿಗೆ ಅಂತಲೇ ಬರೆದದ್ದು.

ಕಾರು 1974ರದ್ದು, ಪದ್ಮಿನಿ ಅನ್ನುವ ಹೆಸರು ಬಂದ ಕಾಲದ್ದು. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದ ಗೇರು. ಎಂಜಿನ್ ಕಥೆ ಬೇಡ, ಅದು ಸಲೀಸಾಗಿ ಆಯಿತು. ನನ್ನನ್ನು ತಿಂದದ್ದು ಬಾಡಿ.

ಮೊದಲ ಸಲ ಒಂದು ಗ್ಯಾರೇಜಿಗೆ ಒಟ್ಟು ಗುತ್ತಿಗೆ ಕೊಟ್ಟಿದ್ದೆ. ಟಿಂಕರಿಂಗ್ ಸೇರಿ ಸುಮಾರು 90 ಸಾವಿರ ಹೋಯಿತು. ಡೆಲಿವರಿ ದಿನ ಕನ್ನಡಿ ಥರ ಇತ್ತು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹಿಂದಿನ ಬಾಗಿಲಿನ ಮೇಲೆ 80 ನಂಬರ್ ಸ್ಯಾಂಡ್ ಪೇಪರ್ ಗೀರುಗಳು ಒಂದೊಂದಾಗಿ ಎದ್ದು ಕಂಡವು. ಪಟ್ಟಿಯ ಅಂಚು ನಕಾಶೆ ಬರೆದ ಹಾಗೆ ಗೆರೆ ಬಿಟ್ಟಿತು. ಕಾರಣ ನಮಗೆಲ್ಲ ಗೊತ್ತಿರುವುದೇ. ಪಟ್ಟಿ, ಪ್ರೈಮರ್ ಒಳಗಿನ ತಿನ್ನರ್ ಪೂರ್ತಿ ಹೊರಗೆ ಹೋಗುವ ಮೊದಲೇ ಮೇಲೆ ಬಣ್ಣ ಮುಚ್ಚಿಬಿಟ್ಟಿದ್ದರು. ಒಳಗಿದ್ದದ್ದು ಆಮೇಲೆ ಒಣಗಿ ಕುಗ್ಗಿತು, ಮೇಲಿನದ್ದೂ ಅದರ ಜತೆ ಇಳಿಯಿತು.

ಎರಡನೇ ಸಲ ನಾನೇ ಗನ್ ಹಿಡಿದೆ. ಹಳೆ ಕಾರಿಗೆ ಹಳೆ ಪೇಂಟೇ ಸರಿ ಅಂತ ಎನ್‌ಸಿ ತಂದೆ, ಅಂದರೆ ನೈಟ್ರೊಸೆಲ್ಯುಲೋಸ್ ಪೇಂಟ್, ನಮ್ಮವರು ಡ್ಯೂಕೊ ಅನ್ನುತ್ತಾರಲ್ಲ, ಅದು. ಅದಕ್ಕೆ ಮಲೆನಾಡು ಒಗ್ಗಲಿಲ್ಲ. ತಿನ್ನರ್ ಆರುವಾಗ ತಗಡು ತಣ್ಣಗಾಗುತ್ತದೆ, ಗಾಳಿಯಲ್ಲಿರುವ ತೇವ ಅದರ ಮೇಲೆ ಕೂರುತ್ತದೆ. ಕಾರಿನ ಚಾವಣಿ, ಅಂದರೆ ಟಾಪ್, ಪೂರ್ತಿ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಯಿತು. ತಿನ್ನರ್ ನಿಧಾನವಾಗಿ ಆರುವಂತೆ ಮಾಡುವ ರಿಟಾರ್ಡರ್ ಹಾಕಿದರೆ ಸ್ವಲ್ಪ ತಡೆಯುತ್ತದೆ ನಿಜ. ಆದರೆ ಜುಲೈ ತಿಂಗಳ ಸಾಗರ ಪೇಟೆಯಲ್ಲಿ ಎಷ್ಟು ಅಂತ ಹಾಕುವುದು? ಸಾಮಾನಿಗೆ ಹದಿನೆಂಟು ಇಪ್ಪತ್ತು ಸಾವಿರ ಹೋಗಿತ್ತು. ಎಲ್ಲ ಕೆರೆದು ತೆಗೆದೆ.

ಕೆರೆಯುವಾಗಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಡ್ಯಾಶ್‌ಬೋರ್ಡ್ ಕೆಳಗೆ, ಹಿಂದಿನ ಸೀಟಿನ ಅಡಿಯಲ್ಲಿ ಈ ಕಾರು ತಯಾರಾದ ಮುಂಬೈನ ಕುರ್ಲಾ ಕಾರ್ಖಾನೆಯ ಮೂಲ ಬಣ್ಣ ಹಾಗೇ ಉಳಿದಿತ್ತು. ಮಾಸಿದ ತಿಳಿನೀಲಿ. ಟಾರ್ಚ್ ಹಾಕಿ ನೋಡಿದರೆ ಒರಟು, ಧೂಳಿನ ಕಾಳು, ಬಾಗಿಲಿನ ಹಿಂಜ್ ಹತ್ತಿರ ಬಣ್ಣ ಇಳಿದು ಗಟ್ಟಿಯಾದ ಒಂದು ಹನಿ. ಹೊಸದಾಗಿ ಬಂದಾಗಲೇ ಈ ಕಾರು ಹೀಗಿತ್ತು! ನಾವು ಮಾತ್ರ ಅದಕ್ಕೆ ಈಗಿನ ಜರ್ಮನ್ ಕಾರಿನ ಹೊಳಪು ಬೇಕು ಅಂತ ಹಟ ಹಿಡಿಯುತ್ತೇವೆ. ಅಷ್ಟು ಹೊಳಪು ಪದ್ಮಿನಿಗೆ ಒಪ್ಪುವುದೂ ಇಲ್ಲ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ.

ಅದೇ ನೀಲಿಯನ್ನೇ ಮ್ಯಾಚ್ ಮಾಡಿಸಿದೆ. ಇದಕ್ಕೆ ಇನ್ನೊಂದು ಕಾರಣವೂ ಇತ್ತು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಆ ನಿಯಮದಲ್ಲಿ ಇಟ್ಟಿದ್ದ ಶುಲ್ಕ 20 ಸಾವಿರ. ಮುಂದೆ ಮಾಡಿಸುವ ಯೋಚನೆ ಇದೆ.

ಮೂರನೇ ಸಲ ಸಾಲಿಡ್ (ಮೆಟಾಲಿಕ್ ಮಿನುಗಿಲ್ಲದ) ಬಣ್ಣದ ಪಿಯು, ಮೇಲೆ ಕ್ಲಿಯರ್ (ಬಣ್ಣವಿಲ್ಲದ ಹೊಳಪಿನ ಪದರ) ಇಲ್ಲ. ಕ್ಲಿಯರ್ ಹಾಕಿದರೆ ಹೊಳಪು ಬೇರೆ ಥರ ಕಾಣುತ್ತದೆ. ಸಾಲಿಡ್ ಆದರೆ ಮುಂದೆ ಗೀರು ಬಿದ್ದಾಗ ಪಾಲಿಶ್ ಮಾಡುವುದೂ ಸುಲಭ. ತಗಡು ಕಾಣುವವರೆಗೆ ಕೆರೆದು, ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆದು, ಪಟ್ಟಿ ತೆಳ್ಳಗೆ ಎಳೆದು, ಸಣ್ಣ ಗೀರು ಮುಚ್ಚಿ ಮೈ ಸಮ ಮಾಡುವ ಸರ್ಫೇಸರ್ ಮುಗಿಸಿ, ಅಲ್ಲಿಗೇ ನಿಲ್ಲಿಸಿದೆ. ಪೂರ್ತಿ ಬೇಸಿಗೆ ಹಾಗೇ ಬಿಟ್ಟೆ. ಬೆಳಿಗ್ಗೆ ತಳ್ಳಿ ಬಿಸಿಲಿಗೆ, ಸಂಜೆ ತಳ್ಳಿ ಒಳಗೆ. ಸರ್ಫೇಸರ್ ನೀರು ಕುಡಿಯುತ್ತದೆ, ಆದ್ದರಿಂದ ಇಬ್ಬನಿ ತಾಗಿಸುವಂತಿಲ್ಲ. "ಏನೋ ಮಾರಾಯ, ಹಪ್ಪಳ ಒಣಗಿಸ್ತಿದ್ದೀಯ?" ಅಂತ ಪಕ್ಕದ ಮನೆಯವರು ಕೇಳುತ್ತಿದ್ದರು. ಕುಗ್ಗುವುದೆಲ್ಲ ಕುಗ್ಗಲಿ ಅಂತ ಕಾದೆ. ಆಮೇಲೆ ಕಪ್ಪು ಗೈಡ್ ಕೋಟ್ (ತಗ್ಗು ತೋರಿಸಲು ಹೊಡೆಯುವ ತೆಳು ಬಣ್ಣ) ತೂರಿ, ಉದ್ದ ಬ್ಲಾಕ್‌ನಲ್ಲಿ 320, 400, ಕೊನೆಗೆ 600 ನಂಬರ್ ಪೇಪರ್ ಎಳೆದರೆ ಮೊದಲು ಕಾಣದ ತಗ್ಗುಗಳೆಲ್ಲ ಕಂಡವು.

ಈಗ ಅಸಲು ವಿಷಯ. ಕಾರನ್ನು ಮನಸ್ಸಿನಲ್ಲೇ ಮೂರು ಭಾಗ ಮಾಡಿಕೊಂಡೆ. ಬಾನೆಟ್ ಮತ್ತು ಬಾಗಿಲಿನ ಮೇಲರ್ಧಕ್ಕೆ ಎಲ್ಲರ ಕಣ್ಣು ಹೋಗುತ್ತದೆ. ಟಾಪ್, ಡಿಕ್ಕಿ ನಡುವಿನವು. ಬಾಗಿಲಿನ ಕೆಳಭಾಗ, ಬಂಪರ್ ಹಿಂದೆ, ಬಾಗಿಲು ತೆಗೆದಾಗ ಮಾತ್ರ ಕಾಣುವ ಕಡೆ ಯಾರೂ ಬಗ್ಗಿ ನೋಡುವುದಿಲ್ಲ. ಎಲ್ಲರೂ ಟಾಪ್‌ನಿಂದ ಶುರು ಮಾಡುತ್ತಾರೆ. ನಾನು ಬಾಗಿಲು, ಬಾನೆಟ್, ಡಿಕ್ಕಿ ಎಲ್ಲ ಬಿಚ್ಚಿಟ್ಟು, ಕಾಣದ ಕಡೆಯಿಂದ ಶುರು ಮಾಡಿದೆ. ಆ ದಿನದ ಗಾಳಿ, ತಿನ್ನರ್, ಗನ್ ಪ್ರೆಷರ್ ಹೊಂದುವಷ್ಟರಲ್ಲಿ ಆಗುವ ಒರಟು, ಇಳಿಯುವಿಕೆ ಎಲ್ಲ ಅಲ್ಲೇ ಆಗಿ ಮುಗಿಯಲಿ. ಕೈ ಕುದುರಿದ ಮೇಲೆ ಬಾನೆಟ್. ಇದಕ್ಕೇ ಪೇಂಟರ್‌ಗಳು ನಕ್ಕದ್ದು.

ಬಾನೆಟ್ ಮತ್ತು ಬಾಗಿಲಿಗೆ ಒಂದು ಕೋಟ್ ಜಾಸ್ತಿ ಹೊಡೆದೆ. ಧೂಳು ಬೀಳುತ್ತದೆ ಅಂತ ಗೊತ್ತಲ್ವಾ, ಪೇಪರ್ ಹೊಡೆದು ತೆಗೆಯಲು ಮಂದ ಬೇಕು. ನೆಲಕ್ಕೆ ನೀರು ಚೆಲ್ಲಿದೆ, ಮೇಲೆ ತಾಡಪಾಲು ಕಟ್ಟಿದೆ. ಕೆಲಸ ಬೆಳಿಗ್ಗೆ ಗಾಳಿ ಏಳುವ ಮೊದಲು ಮುಗಿಯಬೇಕು. ಒಂದು ಕೋಟಿಗೂ ಇನ್ನೊಂದು ಕೋಟಿಗೂ ನಡುವೆ ಹತ್ತು ಹದಿನೈದು ನಿಮಿಷ ಬಿಡಬೇಕು, ಅವಸರ ಮಾಡಿದರೆ ಒಳಗಿನ ತಿನ್ನರ್ ಗುಳ್ಳೆ ಒಡೆದು ಸೂಜಿ ತೂತು ಬೀಳುತ್ತದೆ. ಮಳೆ ಮೋಡ ಇದ್ದ ದಿನ ತಿನ್ನರ್ ಎರಡು ಥರದ್ದು ಬೆರೆಸುತ್ತೇನೆ. ಆ ಅಳತೆ ಮಾತ್ರ ನನ್ನ ಹತ್ತಿರಾನೇ ಇರಲಿ.

ಪಿಯು ಹಾರ್ಡನರ್‌ನಲ್ಲಿ ಐಸೊಸೈನೇಟ್ ಅನ್ನುವ, ಉಸಿರಿಗೆ ಕೆಟ್ಟ ರಾಸಾಯನಿಕ ಇರುತ್ತದೆ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಹೊಡೆಯುವವರನ್ನು ನೋಡಿದ್ದೇನೆ. ಬೇಡ. ಒಮ್ಮೆ ದಮ್ಮು ಹತ್ತಿದರೆ ಈ ಕೆಲಸವನ್ನೇ ಬಿಡಬೇಕಾಗುತ್ತದೆ. ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಅತಿ ಒಳ್ಳೆಯದು.

ಬಲಗಡೆ ಮುಂದಿನ ಮಡ್‌ಗಾರ್ಡಿನಲ್ಲಿ ಫಿಶ್ ಐ ಬಂತು. ಬೇಳೆ ಗಾತ್ರದ ಗುಂಡಿಗಳು. ಹುಡುಕಿದರೆ, ಮನೆಯವರ ಸ್ಕೂಟರಿಗೆ ಅದೇ ಶೆಡ್‌ನಲ್ಲಿ ಟೈರ್ ಪಾಲಿಶ್ ಸ್ಪ್ರೇ ಹೊಡೆದಿದ್ದರು. ಅದರ ಸಿಲಿಕೋನ್ ಒಂದು ಹನಿ ಗಾಳಿಯಲ್ಲಿ ಬಂದರೂ ಸಾಕು. ಆ ಒಂದು ಭಾಗ ಮಾತ್ರ ಒಣಗಿಸಿ, ಉಜ್ಜಿ, ವ್ಯಾಕ್ಸ್ ರಿಮೂವರ್‌ನಲ್ಲಿ ಒರೆಸಿ ಮತ್ತೆ ಹೊಡೆದೆ.

ಮಧ್ಯೆ ಒಂದು ಹುಚ್ಚಾಟವೂ ನಡೆಯಿತು. ಬೆಂಗಳೂರಿನ ಶಿವಾಜಿನಗರ ಗುಜರಿಯಿಂದ ಸಾವಿರ ರೂಪಾಯಿ ಚಿಲ್ಲರೆಗೆ ಹಾಳು ಬಾಗಿಲೊಂದನ್ನು ತಂದಿದ್ದೆ. ಅರ್ಧಕ್ಕೆ ಎನ್‌ಸಿ, ಅರ್ಧಕ್ಕೆ ಪಿಯು ಹೊಡೆದು ಯುಗಾದಿಯಿಂದ ದೀಪಾವಳಿವರೆಗೆ ಹಿತ್ತಿಲಲ್ಲಿ ಬಿಟ್ಟೆ. ಎನ್‌ಸಿ ಕಡೆ ಹೊಳಪು ಸತ್ತಿತ್ತು, ಪಿಯು ಕಡೆ ತೊಳೆದರೆ ಹೊಸದು. ಅದೇ ಬಾಗಿಲಿನ ಇನ್ನೊಂದು ಪಕ್ಕಕ್ಕೆ ಹ್ಯಾಲೊಜೆನ್ ದೀಪ ಇಟ್ಟು ಬೇಗ ಒಣಗಿಸಲು ನೋಡಿದೆ. ಮೈತುಂಬ ಸೂಜಿ ತೂತು. ಟೂತ್‌ಪೇಸ್ಟಿನಲ್ಲಿ ಉಜ್ಜಿಯೂ ನೋಡಿದೆ, ಸ್ವಲ್ಪ ಹೊಳೆಯಿತು. ಆದರೆ ಇಡೀ ಕಾರಿಗೆ ಎಷ್ಟು ಟ್ಯೂಬ್ ಬೇಕು ಅಂತ ಯೋಚಿಸಿ ಬಿಟ್ಟೆ.

ಪೇಂಟ್ ಆದ ಮೇಲೆ ಸುಮಾರು ಒಂದು ತಿಂಗಳು ಮುಟ್ಟಲಿಲ್ಲ. ಆಮೇಲೆ ಬಣ್ಣ ಇಳಿದ ಕಡೆ ಬ್ಲೇಡಿನ ಎರಡು ತುದಿಗೆ ಟೇಪ್ ಸುತ್ತಿ ಮೆಲ್ಲಗೆ ಹೆರೆದೆ. ಧೂಳಿನ ಕಾಳಿಗೆ 1500, 2000 ವಾಟರ್ ಪೇಪರ್, ಸೋಪು ನೀರು. ನಂತರ ಹೊಳಪು ಬರಿಸುವ ಕಾಂಪೌಂಡ್ ಪೇಸ್ಟ್. ಇಲ್ಲಿ ಆಸೆ ಜಾಸ್ತಿ ಆದರೆ ಕೆಟ್ಟಿತು. ಮಡ್‌ಗಾರ್ಡಿನ ಏಣು, ಹಿಂದಿನ ಆ ಸಣ್ಣ ರೆಕ್ಕೆಯ ಅಂಚು, ಬಾಗಿಲಿನ ಮಡಿಕೆ, ಇಲ್ಲೆಲ್ಲ ಪೇಂಟ್ ಮೊದಲೇ ತೆಳ್ಳಗೆ. ಅರ್ಧ ಇಂಚು ಬಿಟ್ಟೇ ಉಜ್ಜಬೇಕು. ಅಂಚಿನ ಮೇಲಿನ ಒರಟನ್ನು ನಾನು ಹಾಗೇ ಬಿಟ್ಟಿದ್ದೇನೆ. ಒರಟು ಯಾರಿಗೂ ಕಾಣದು, ಪ್ರೈಮರ್ ಇಣುಕಿದರೆ ಊರಿಗೆಲ್ಲ ಕಾಣುತ್ತದೆ. ಕೆಳಭಾಗದ ಕಾಳುಗಳಿಗೂ ಪೇಪರ್ ತಾಗಿಸಿಲ್ಲ. ಡಿಕ್ಕಿ ಮೇಲೆ ಒಂದು ಸೊಳ್ಳೆಯ ಕಾಲು ಈಗಲೂ ಇದೆ, ತೋರಿಸಿದರೆ ಮಾತ್ರ ಕಾಣುತ್ತದೆ.

ನೆನಪಿದ್ದಷ್ಟು ಖರ್ಚು: ಬಣ್ಣ, ಹಾರ್ಡನರ್, ತಿನ್ನರ್, ಪ್ರೈಮರ್ ಸೇರಿ 30 ಸಾವಿರದ ಆಚೀಚೆ. ಪೇಪರ್, ಟೇಪ್, ಕಾಂಪೌಂಡ್ ಐದಾರು ಸಾವಿರ. ಕಂಪ್ರೆಸರ್ ಸೆಕೆಂಡ್ ಹ್ಯಾಂಡ್, 14 ಸಾವಿರ. ತೇವ ಹಿಡಿಯುವ ಫಿಲ್ಟರ್ ಬೇರೆ, ಅದರಲ್ಲಿ ಚೌಕಾಶಿ ಮಾಡಬೇಡಿ. ಇದೇ ಕೆಲಸಕ್ಕೆ ಬೂತ್ ಇರುವವರು ಒಂದೂವರೆ ಲಕ್ಷದ ಮೇಲೆ ಕೇಳಿದ್ದರು.

ಒಗ್ಗರಣೆ ಮಾತು ಹೇಳಿದ ಪೇಂಟರ್ ಹೋದ ತಿಂಗಳು ಬಂದಿದ್ದರು. ಬಾನೆಟ್ ಮೇಲೆ ಬೆರಳು ಎಳೆದು, "ಯಾರ ಬೂತಲ್ಲಿ ಹೊಡೆಸಿದ್ರಿ ಸಾರ್?" ಅಂದರು. ನಾನು ತಾಡಪಾಲು ತೋರಿಸಿದೆ. ಈಗ ಅವರ ಪರಿಚಯದವರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರೊಂದು ನನ್ನ ಶೆಡ್‌ಗೆ ಬರುವುದರಲ್ಲಿದೆ. ಅದರ ಬಾನೆಟ್, ಮಡ್‌ಗಾರ್ಡ್ ಎಲ್ಲ ಒಟ್ಟಿಗೆ ಎದ್ದು ನಿಲ್ಲುವಂಥದ್ದು. ಅಲ್ಲಿ ಕೈ ಕುದುರಿಸಿಕೊಳ್ಳಲು ಕಾಣದ ಜಾಗ ಯಾವುದು ಅಂತ ಇನ್ನೂ ಹುಡುಕುತ್ತಿದ್ದೇನೆ.