ಕಂಪನಿಯೊಳಗೇ ದೂರು ಬಂದರೆ: ಆಂತರಿಕ ತನಿಖೆ ನಡೆಸುವ ಕ್ರಮ

ಖರೀದಿ ವಿಭಾಗದ ಅಧಿಕಾರಿಯೊಬ್ಬರು ಬಾರದ ಸರಕಿಗೂ ಬಿಲ್ ಪಾಸು ಮಾಡಿಸುತ್ತಿದ್ದಾರೆ ಎಂಬ ದೂರು ಬಂದಿದೆ ಎಂದುಕೊಳ್ಳಿ. ಕೂಡಲೇ ಕರೆಸಿ ಕೇಳಿಬಿಡೋಣ ಎಂದು ಅವಸರಪಡಬಾರದು. ಅವರು ಕೊಠಡಿಯಿಂದ ಹೊರಬಂದ ಹತ್ತು ನಿಮಿಷದಲ್ಲಿ ವಾಟ್ಸ್‌ಆ್ಯಪ್ ಸಂದೇಶಗಳೆಲ್ಲ ಅಳಿಸಿಹೋಗಬಹುದು.

ಮೊದಲು ತನಿಖೆ ಯಾರದೆಂದು ತೀರ್ಮಾನಿಸಿ. ಆರೋಪಿತರ ಮೇಲಧಿಕಾರಿಗೆ ಅದನ್ನು ಒಪ್ಪಿಸುವುದು ಸಲ್ಲದು. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯಾದರೆ, 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ದೂರು ಕೊಟ್ಟವರಿಗೆ ರಕ್ಷಣೆ ಇರಬೇಕು, ಅಗತ್ಯವಿದ್ದಾಗ ಅವರು ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರನ್ನು ನೇರವಾಗಿ ತಲುಪುವಂತಿರಬೇಕು. ಲೈಂಗಿಕ ಕಿರುಕುಳದ ದೂರಿನ ದಾರಿಯೇ ಬೇರೆ: ಅದು ಇಂಥ ದೂರುಗಳಿಗೆಂದೇ ಇರುವ ಆಂತರಿಕ ಸಮಿತಿಗೆ ಹೋಗಬೇಕು, ವಿಚಾರಣೆ 90 ದಿನದೊಳಗೆ ಮುಗಿಯಬೇಕು.

ಮುಂದಿನದು ಸಾಕ್ಷ್ಯ ಕಾಪಾಡುವುದು. ಬಹುಪಾಲು ತನಿಖೆಗಳು ಎಡವುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಕಂಪನಿಯ ಲ್ಯಾಪ್‌ಟಾಪನ್ನು ಇಬ್ಬರು ಸಾಕ್ಷಿಗಳ ಎದುರು ವಶಕ್ಕೆ ಪಡೆದು, ಸೀರಿಯಲ್ ಸಂಖ್ಯೆ, ಸಮಯ, ಕೊಟ್ಟವರು, ಪಡೆದವರು ಇಷ್ಟನ್ನೂ ಬರೆದು ಸಹಿ ಹಾಕಿಸಿ, ಲಕೋಟೆಗೆ ಮೊಹರು ಮಾಡಿ. 'ಸುಮ್ಮನೆ ಒಮ್ಮೆ ನೋಡೋಣ' ಎಂದು ಅದನ್ನು ಆನ್ ಮಾಡಿದರೂ ಒಳಗಿನ ದಾಖಲೆಗಳ ದಿನಾಂಕಗಳು ಬದಲಾಗಬಹುದು; ಆದ್ದರಿಂದ ಪರಿಣತರಿಂದ ಪ್ರತಿ ಮಾಡಿಸಿ, ಪ್ರತಿಯನ್ನೇ ಪರಿಶೀಲಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ (ದಾಖಲೆ ಬದಲಾದರೆ ತಾನೂ ಬದಲಾಗುವ, ಅದರಿಂದಲೇ ಲೆಕ್ಕಹಾಕಿದ ಗುರುತಿನ ಸಂಕೇತ) ನಮೂದಿಸಬೇಕಾಗಿರುವುದರಿಂದ, ಪ್ರತಿ ಮಾಡಿಸುವಾಗಲೇ ಅದನ್ನು ಬರೆಸಿಟ್ಟುಕೊಳ್ಳಿ.

ಕಾಗದಪತ್ರ ಕೈಗೆ ಬಂದ ಮೇಲೆ ಹೇಳಿಕೆಗಳು. ಬಿಲ್ಲಿನಲ್ಲಿ ನೂರು ಪೆಟ್ಟಿಗೆ, ಗೇಟಿನ ರಿಜಿಸ್ಟರಿನಲ್ಲಿ ಎಂಬತ್ತು ಇದ್ದರೆ ಮೊದಲು ಕೇಳಬೇಕಾದವರು ಕಾವಲುಗಾರರು, ಆಮೇಲೆ ಸ್ಟೋರ್ ಕೀಪರ್, ಆರೋಪಿತರು ಕೊನೆಗೆ. ಕನ್ನಡದಲ್ಲಿ ಹೇಳಿದ್ದನ್ನು ಕನ್ನಡದಲ್ಲೇ ಬರೆದು, ಓದಿ ಹೇಳಿ, ಸಹಿ ಪಡೆಯಿರಿ. ಇಂಗ್ಲಿಷ್ ಬಾರದವರಿಂದ ಇಂಗ್ಲಿಷ್ ಹೇಳಿಕೆಗೆ ಸಹಿ ಹಾಕಿಸುವುದು ಅವರಿಗೆ ಮಾಡುವ ಅನ್ಯಾಯ. ಪಾಟೀಸವಾಲಿನಲ್ಲಿ ಅಂಥ ಹೇಳಿಕೆ ನಿಲ್ಲುವುದೂ ಕಷ್ಟ.

ತನಿಖಾ ವರದಿ ಬಂದ ಮಾತ್ರಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಆರೋಪಪಟ್ಟಿ ಕೊಟ್ಟು, ಉತ್ತರಕ್ಕೆ ಕಾಲಾವಕಾಶ ನೀಡಿ, ತನಿಖೆ ಮಾಡದ ಬೇರೊಬ್ಬರಿಂದ ಶಿಸ್ತು ವಿಚಾರಣೆ ನಡೆಸಿ, ಸಾಕ್ಷಿಗಳನ್ನು ಪ್ರಶ್ನಿಸಲು ಆರೋಪಿತರಿಗೆ ಅವಕಾಶ ಕೊಡಬೇಕು. ಸ್ಥಾಯಿ ಆದೇಶಗಳು (ಕಾನೂನಿನಂತೆ ರೂಪಿಸಿದ ಸೇವಾ ನಿಯಮಗಳು) ಅನ್ವಯಿಸುವ ಕಾರ್ಮಿಕರನ್ನು ಅಮಾನತಿನಲ್ಲಿಟ್ಟರೆ ಮೊದಲ 90 ದಿನ ಅರ್ಧ ವೇತನವನ್ನು, ಅವರ ತಪ್ಪಿಲ್ಲದೆ ವಿಚಾರಣೆ ಮುಂದುವರಿದರೆ ಆಮೇಲೆ ಶೇ 75ರಷ್ಟನ್ನು ಜೀವನಾಧಾರ ಭತ್ಯೆಯಾಗಿ ಕೊಡಬೇಕು.