ಜೇಬಿನಲ್ಲೊಂದು ದೊಡ್ಡ ಮಡಚುವ ಚಾಕು: ಆರಿಸುವುದು, ಒಯ್ಯುವುದು, ಮುಚ್ಚುವುದು

ಹೊಲಕ್ಕೆ ಹೊರಟವರ ಕೈಯಲ್ಲಿ ಕುಡುಗೋಲೋ ಮಚ್ಚೋ ಇರುವುದು ಮಂಡ್ಯ ಸೀಮೆಯಲ್ಲಿ ಯಾರೂ ತಿರುಗಿ ನೋಡದಷ್ಟು ಸಹಜವಾದ ಸಂಗತಿ. ಆದರೆ ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಹನಿ ನೀರಾವರಿಯ ಪೈಪನ್ನು ಅಳತೆಗೆ ಕತ್ತರಿಸಲು, ಬಾಳೆಗಿಡಕ್ಕೆ ಊರುಗೋಲು ಕಟ್ಟಿದ ಹಗ್ಗವನ್ನು ಕೊಯ್ಯಲು, ಊಟದ ಮೇಲೆ ಒಂದು ಸೀಬೆಹಣ್ಣನ್ನು ಹೋಳು ಮಾಡಲು ಕುಡುಗೋಲು ಹೆಚ್ಚಾಗುತ್ತದೆ. ಬೀಗದ ಕೈ ಗೊಂಚಲಿಗೆ ಸಿಕ್ಕಿಸುವ ಪುಟ್ಟ ಚಾಕು ಸಾಲದಾಗುತ್ತದೆ. ಈ ಎರಡರ ನಡುವಿನ ಕೆಲಸಗಳಿಗೆಲ್ಲ ಒದಗುವುದು ದೊಡ್ಡ ಮಡಚುವ ಚಾಕು. 19 ವರ್ಷಗಳಿಂದ ಅಂಥದೊಂದನ್ನು ಜೇಬಿನಲ್ಲಿಟ್ಟುಕೊಂಡು ತೋಟಕ್ಕೂ ಪೇಟೆಗೂ ಓಡಾಡುತ್ತಿರುವ ನಾನು ಹೊಸದಾಗಿ ಕೊಳ್ಳುವವರಿಗೆ ಮೊದಲು ಹೇಳುವ ಮಾತು ಒಂದೇ: ಚಾಕುವನ್ನು ತೆರೆಯುವುದನ್ನು ಎಲ್ಲರೂ ಒಂದೇ ದಿನದಲ್ಲಿ ಕಲಿಯುತ್ತಾರೆ, ಕಲಿಯಬೇಕಾದದ್ದು ಮುಚ್ಚುವುದನ್ನು.

ಆರಿಸುವಾಗ

ದೊಡ್ಡದು ಎಂದರೆ ಅಲಗಿನ ಉದ್ದ ಸುಮಾರು 9ರಿಂದ 10 ಸೆಂಟಿಮೀಟರ್, ಅಂದರೆ ಮೂರೂವರೆಯಿಂದ ನಾಲ್ಕು ಅಂಗುಲ, ಇರುವ ಚಾಕು ಎಂದಿಟ್ಟುಕೊಳ್ಳೋಣ. ಮಡಚಿದಾಗ ಇದು ಅಂಗೈಯ ಅಗಲಕ್ಕಿಂತ ಸ್ವಲ್ಪ ಉದ್ದವಾಗಿರುತ್ತದೆ, ತೆರೆದಾಗ ನಾಲ್ಕೂ ಬೆರಳುಗಳಿಗೆ ಹಿಡಿ ತುಂಬಿ ಸಿಗುತ್ತದೆ. ದೊಡ್ಡ ಚಾಕುವಿನ ನಿಜವಾದ ಲಾಭ ಅಲಗಿನ ಉದ್ದದಲ್ಲಿಲ್ಲ, ಹಿಡಿಯ ಉದ್ದದಲ್ಲಿದೆ. ಎರಡೇ ಬೆರಳಿನಲ್ಲಿ ಹಿಡಿದ ಸಣ್ಣ ಚಾಕು ಒದ್ದೆ ಕೈಯಲ್ಲಿ ಹೊರಳುತ್ತದೆ, ಇದು ಹೊರಳುವುದಿಲ್ಲ. ಅಲಗಿನ ಬೆನ್ನು 2ರಿಂದ 3 ಮಿಲಿಮೀಟರ್ ದಪ್ಪವಿದ್ದರೆ ಸಾಕು. ಅದಕ್ಕಿಂತ ದಪ್ಪವಾದದ್ದು ನೋಡಲು ಗಟ್ಟಿಮುಟ್ಟಾಗಿ ಕಂಡರೂ ಹಣ್ಣನ್ನು ಕೊಯ್ಯುವ ಬದಲು ಸೀಳುತ್ತದೆ.

ಗುಂಡಿ ಒತ್ತಿದೊಡನೆ ಸ್ಪ್ರಿಂಗಿನಿಂದ ಚಿಮ್ಮಿ ತೆರೆದುಕೊಳ್ಳುವ ಚಾಕುವನ್ನು ದಯವಿಟ್ಟು ಕೊಳ್ಳಬೇಡಿ. ಅದು ಕೆಲಸಕ್ಕೆ ಯಾವ ಅನುಕೂಲವನ್ನೂ ಕೊಡುವುದಿಲ್ಲ, ನೋಡಿದವರಲ್ಲಿ ಭಯವನ್ನು ಮಾತ್ರ ಹುಟ್ಟಿಸುತ್ತದೆ.

ಉಕ್ಕಿನ ವಿಷಯದಲ್ಲಿ ಎರಡು ದಾರಿಗಳಿವೆ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುವುದರಿಂದ ಅದು ಬೇಗ ತುಕ್ಕು ಹಿಡಿಯುವುದಿಲ್ಲ. ಕಾರ್ಬನ್ ಉಕ್ಕು ಸಾಣೆಗೆ ಸುಲಭವಾಗಿ ಒಗ್ಗಿ ಬೇಗ ಹರಿತವಾಗುತ್ತದೆ, ಆದರೆ ನಿಂಬೆಹಣ್ಣು, ಮಾವಿನಕಾಯಿ, ಬಾಳೆಯ ಸೊನೆ ತಾಗಿದೊಡನೆ ಕಪ್ಪಾಗುತ್ತದೆ, ಒದ್ದೆಯಲ್ಲಿ ಬಿಟ್ಟರೆ ಒಂದೇ ರಾತ್ರಿಯಲ್ಲಿ ಕೆಂಪು ಚುಕ್ಕೆಗಳೇಳುತ್ತವೆ. ಕಪ್ಪು ಬಣ್ಣದಿಂದ ತೊಂದರೆಯಿಲ್ಲ, ಕೆಂಪು ತುಕ್ಕನ್ನು ಮಾತ್ರ ಅಂದೇ ಉಜ್ಜಿ ತೆಗೆಯಬೇಕು. ನಾಲೆಯ ನೀರಿನಲ್ಲಿ ದಿನವಿಡೀ ಕೈಯಾಡಿಸುವವರಿಗೆ ಸ್ಟೇನ್‌ಲೆಸ್ಸೇ ಸರಿ ಎಂಬುದು ನನ್ನ ಅಭಿಪ್ರಾಯ.

ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಲಾಕ್ ಇರುವುದನ್ನೇ ಆರಿಸಿ. ಫ್ರಾನ್ಸಿನಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಮರದ ಹಿಡಿಯ ರೈತರ ಚಾಕು ಇಂದಿಗೂ ತಯಾರಾಗುತ್ತಿದೆ. ಅದಕ್ಕೆ ತಿರುಗಿಸಿ ಬಿಗಿಯುವ ಉಕ್ಕಿನ ಉಂಗುರವನ್ನು ಸೇರಿಸಿದ್ದು 1955ರಲ್ಲಿ. ಉಂಗುರದ ಲಾಕ್ ಸರಳವಾದದ್ದು, ಕಣ್ಣಿಗೆ ಕಾಣುವಂಥದ್ದು. ಆದರೆ ಮರದ ಹಿಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದಾಗ ಅಲಗು ಹೊರಗೆ ಬರದಂತೆ ಕಚ್ಚಿಕೊಳ್ಳುತ್ತದೆ. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಲೈನರ್ ಲಾಕ್: ಹಿಡಿಯ ಒಳಗೋಡೆಯಲ್ಲಿ ತೆಳುವಾದ ಲೋಹದ ಪಟ್ಟಿಯೊಂದಿದ್ದು, ಅಲಗು ಪೂರ್ತಿ ತೆರೆದೊಡನೆ ಅದು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆತು ನಿಲ್ಲುತ್ತದೆ. ಕೊಳ್ಳುವಾಗ ಅಲಗನ್ನು ನಿಧಾನವಾಗಿ ತೆರೆದು ಟಕ್ಕೆಂಬ ಸದ್ದು ಬರುತ್ತದೆಯೇ, ಪಟ್ಟಿಯ ತುದಿ ಬುಡದ ಹಿಂದೆ ಸರಿಯಾಗಿ ಕೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಅಲಗನ್ನು ಎಡಬಲಕ್ಕೆ ಅಲುಗಾಡಿಸಿದಾಗ ಕೀಲು ಸಡಿಲವಾಗಿ ಆಡಿದರೆ ಅದನ್ನು ಕೊಳ್ಳಬೇಡಿ.

ಜೇಬಿನಲ್ಲಿ ಇಡುವಾಗ

ಅಂಗಿಯ ಜೇಬು ಇದಕ್ಕೆ ತಕ್ಕದ್ದಲ್ಲ. ಬಗ್ಗಿದೊಡನೆ ಜಾರಿ ಕಾಲಿನ ಮೇಲೋ ಬಾವಿಗೋ ಬೀಳುತ್ತದೆ. ಪ್ಯಾಂಟಿನ ಬಲಜೇಬಿನಲ್ಲಿ, ಹಿಂಬದಿಯ ಹೊಲಿಗೆಗೆ ಒತ್ತಿಕೊಂಡು ನೆಟ್ಟಗೆ ನಿಲ್ಲುವಂತೆ ಇಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಮಡಚಿದ ಚಾಕುವಿನಲ್ಲಿ ಅಲಗಿನ ಬೆನ್ನು ಹಿಡಿಯ ಒಂದು ಬದಿಯಿಂದ ಸ್ವಲ್ಪ ಹೊರಗೆ ಕಾಣುತ್ತದೆ, ಅಲಗು ತೆರೆಯಬೇಕಾದರೆ ಆ ಬದಿಯಿಂದಲೇ ಹೊರಬರಬೇಕು. ಆ ಬದಿ ಜೇಬಿನ ಹೊಲಿಗೆಯ ಕಡೆಗಿದ್ದರೆ ಹೊಲಿಗೆಯೇ ಅದನ್ನು ಒತ್ತಿ ಹಿಡಿಯುತ್ತದೆ. ತಿರುವುಮುರುವಾಗಿಟ್ಟರೆ, ಅಲಗು ಅಕಸ್ಮಾತ್ತಾಗಿ ಕಾಲಂಗುಲ ತೆರೆದಿದ್ದರೂ ಬೀಗದ ಕೈಗಾಗಿ ಒಳಗೆ ಹೋದ ಬೆರಳಿಗೆ ಅದು ತಾಗುತ್ತದೆ. ಕ್ಲಿಪ್ ಇರುವ ಚಾಕುವಾದರೆ ಜೇಬಿನ ಅಂಚಿಗೆ ಸಿಕ್ಕಿಸಿ. ಪೇಟೆಗೆ ಹೋಗುವ ದಿನ ಕ್ಲಿಪ್ಪು ಹೊರಗೆ ಮಿರುಗದಂತೆ ಅಂಗಿಯನ್ನು ಮೇಲೆ ಬಿಡುವುದು ವಾಸಿ. ಅದೇ ಜೇಬಿನಲ್ಲಿ ಚಿಲ್ಲರೆ ಕಾಸು, ಎಲೆಅಡಕೆ, ಬೀಗದ ಕೈ ಯಾವುದೂ ಇರಬಾರದು. ಪಂಚೆ ಉಡುವವರು ಸೊಂಟಕ್ಕೆ ಸಿಕ್ಕಿಸದೆ, ಬೆಲ್ಟಿಗೆ ಹಾಕಿದ ಚರ್ಮದ ಚೀಲದಲ್ಲಿಟ್ಟರೆ ಕೂತಾಗ ಹೊಟ್ಟೆಗೆ ಒತ್ತುವುದಿಲ್ಲ.

ಬಳಸುವಾಗ, ಮುಚ್ಚುವಾಗ

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ, ಊರ ಪಕ್ಕದ ಆಲೆಮನೆಯಲ್ಲಿ ನಿಂತು ತಂಗಿಯ ಮಗಳಿಗೆಂದು ಒಂದು ಕಬ್ಬಿನ ಜಲ್ಲೆಯ ಸಿಪ್ಪೆ ಹೆರೆದು ತುಂಡು ಮಾಡಿಕೊಟ್ಟೆ. ಅಲಗನ್ನು ಪಂಚೆಯ ಅಂಚಿಗೆ ಒರೆಸಿ ಮುಚ್ಚಿದೆ. ಕೀಲಿನ ಒಳಗೆ ಇಳಿದ ಕಬ್ಬಿನ ಹಾಲನ್ನು ಗಮನಿಸಲಿಲ್ಲ. ಮಾರನೆಯ ಬೆಳಿಗ್ಗೆ ಪ್ಲಾಸ್ಟಿಕ್ ಡ್ರಮ್ಮಿನ ಮುಚ್ಚಳಕ್ಕೆ ತೂತು ಮಾಡಲೆಂದು ಚಾಕು ತೆರೆದಾಗ ದಿನವೂ ಕೇಳುವ ಟಕ್ಕೆಂಬ ಸದ್ದು ಬರಲಿಲ್ಲ. ಬಂದಿಲ್ಲವೆಂದು ಕಿವಿಗೆ ತಿಳಿದಿತ್ತು, ಆದರೂ ಕೈ ನಿಲ್ಲಲಿಲ್ಲ. ಮೊನೆಯನ್ನು ಒತ್ತಿದೊಡನೆ ಅಲಗು ಮಡಚಿಕೊಂಡು ತೋರುಬೆರಳಿನ ನಡುಗಣ್ಣಿಗೆ ಇಳಿಯಿತು. ನಾಲ್ಕು ಹೊಲಿಗೆ ಬಿದ್ದವು. ಆಮೇಲೆ ಬ್ಯಾಟರಿ ಬೆಳಕಿನಲ್ಲಿ ನೋಡಿದರೆ, ಲಾಕಿನ ಪಟ್ಟಿ ಕೂರಬೇಕಾದ ಜಾಗದಲ್ಲಿ ಒಣಗಿದ ಕಬ್ಬಿನ ಹಾಲು ಜೇನಿನ ಬಣ್ಣದ ಒಂದು ಹರಳಿನಂತೆ ಗಟ್ಟಿಯಾಗಿ ಕುಳಿತಿತ್ತು. ಅಕ್ಕಿಯ ನುಚ್ಚಿನಷ್ಟು ದೊಡ್ಡದೂ ಆಗಿರಲಿಲ್ಲ.

ಆ ಹರಳಿನಿಂದ ನಾನು ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ. ಚಾಕು ತೆರೆದಾಗ ಸದ್ದು ಕೇಳಿಸಬೇಕು, ಪಟ್ಟಿ ಕೂತಿರುವುದನ್ನು ಕಣ್ಣು ನೋಡಬೇಕು, ಬಳಿಕ ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿಟ್ಟು ಬೆನ್ನನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಪರೀಕ್ಷಿಸಬೇಕು. ಇಷ್ಟಕ್ಕೆ ಎರಡು ಕ್ಷಣ ಸಾಕು. ಕೆಲಸ ಮಾಡುವಾಗ ಬಲವೆಲ್ಲ ಅಲಗಿನ ಬಾಯಿಯ ಮೇಲೆ ಬೀಳಲಿ. ಬಾಯಿಯ ಮೇಲೆ ಬಿದ್ದ ಬಲ ಅಲಗನ್ನು ತೆರೆಯುವ ದಿಕ್ಕಿಗೆ ತಳ್ಳುತ್ತದೆ, ಆದ್ದರಿಂದ ಲಾಕಿಗೆ ಭಾರವಿಲ್ಲ. ಮೊನೆಯಿಂದ ಚುಚ್ಚುವಾಗ ಬಲ ಮುಚ್ಚುವ ದಿಕ್ಕಿಗೆ ತಿರುಗಿ ಆ ತೆಳು ಪಟ್ಟಿಯೊಂದೇ ಅದನ್ನೆಲ್ಲ ಹೊರಬೇಕಾಗುತ್ತದೆ. ತೂತು ಮಾಡಲು ದಬ್ಬಳ ಬಳಸಿ. ಎಳನೀರು ಕೆತ್ತಲು, ಕಬ್ಬು ಕಡಿಯಲು, ಡಬ್ಬಿಯ ಮುಚ್ಚಳ ಮೀಟಲು ಇದನ್ನು ಬಳಸಬೇಡಿ, ಏಕೆಂದರೆ ಎಷ್ಟೇ ದೊಡ್ಡದಾಗಿದ್ದರೂ ಮಡಚುವ ಚಾಕು ಒಂದು ಸಣ್ಣ ಕೀಲಿನ ಮೇಲೆ ನಿಂತಿದೆ. ಮಚ್ಚಿನ ಪೆಟ್ಟನ್ನು ಅದು ತಡೆಯಲಾರದು.

ಮುಚ್ಚುವಾಗ ಮಾತು ನಿಲ್ಲಿಸಿ ಎಂದು ಹೊಸಬರಿಗೆ ಹೇಳುತ್ತೇನೆ. ಲೈನರ್ ಲಾಕನ್ನು ಸರಿಸಲು ಹೆಬ್ಬೆರಳು ಅಲಗು ಬೀಳುವ ಸೀಳಿನೊಳಗೇ ಇಳಿಯಬೇಕಾಗುತ್ತದೆ, ಅಪಾಯವಿರುವುದು ಅಲ್ಲಿಯೇ. ಹಿಡಿಯ ಎರಡು ಪಕ್ಕಗಳನ್ನು ಮಾತ್ರ ಬೆರಳುಗಳಿಂದ ಹಿಡಿದು, ಹೆಬ್ಬೆರಳಿನಿಂದ ಪಟ್ಟಿಯನ್ನು ಸರಿಸಿ, ಇನ್ನೊಂದು ಕೈಯಿಂದ ಅಲಗಿನ ಬೆನ್ನನ್ನು ಹಿಡಿದು ಒಂದಂಗುಲದಷ್ಟು ಮಡಚಿ. ಅಲ್ಲಿ ನಿಲ್ಲಿಸಿ. ಹೆಬ್ಬೆರಳನ್ನು ಹೊರಗೆ ತೆಗೆದು, ಸೀಳಿನ ಮೇಲೆ ಬೇರಾವ ಬೆರಳೂ ಇಲ್ಲವೆಂದು ನೋಡಿ, ಆಮೇಲಷ್ಟೇ ಇನ್ನೊಂದು ಕೈಯ ಅಂಗೈಯಿಂದ ಬೆನ್ನನ್ನು ಒತ್ತಿ ಪೂರ್ತಿ ಮುಚ್ಚಿ. ಒಂದೇ ಕೈಯಲ್ಲಿ ಝಳಪಿಸಿ ಮುಚ್ಚುವುದು ನೋಡಲು ಚೆಂದ, ಆದರೆ ಎಮ್ಮೆ ಹಗ್ಗ ಎಳೆದಾಗ, ಬಸ್ಸು ಕುಲುಕಿದಾಗ ಅದೇ ಅಭ್ಯಾಸ ಬೆರಳನ್ನು ಬಲಿ ಕೇಳುತ್ತದೆ.

ಇನ್ನೊಬ್ಬರು ಕೇಳಿದರೆ ಮುಚ್ಚಿಯೇ ಕೊಡಿ. ನಮ್ಮ ಮನೆಯಲ್ಲಿ ಅಜ್ಜಿ ಕುಡುಗೋಲನ್ನು ಎಂದೂ ಕೈಯಿಂದ ಕೈಗೆ ಕೊಟ್ಟವರಲ್ಲ. ನೆಲಕ್ಕಿಟ್ಟು "ತಗೊಳ್ಳಪ್ಪ" ಎನ್ನುತ್ತಿದ್ದರು. ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂಬುದು ಅವರ ನಂಬಿಕೆ. ಆ ಪದ್ಧತಿಯನ್ನು ನಾನು ಈ ಚಾಕುವಿಗೂ ಪಾಲಿಸುತ್ತೇನೆ. ಗಾಯವೇ ಆದರೆ ಹರಿಯುವ ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆಯಿಂದ ಬಲವಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆತ್ತಿ ಹಿಡಿಯಿರಿ, ಕಾಫಿಪುಡಿ ತುಂಬಬೇಡಿ. ಬೆರಳ ತುದಿ ಜೋಮು ಹಿಡಿದಿದ್ದರೆ ಅಥವಾ ಮಡಚಲು ಬಾರದಿದ್ದರೆ ಗಾಯ ಎಷ್ಟೇ ಸಣ್ಣದಾಗಿರಲಿ, ಅಂದೇ ಆಸ್ಪತ್ರೆಗೆ ಹೋಗಬೇಕು. ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆಯೂ ಅಲ್ಲಿ ಕೇಳಿ.

ಕಾನೂನು ಮತ್ತು ಜನರ ಕಣ್ಣು

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದ ನಿಯಮಗಳಲ್ಲಿರುವ ಆಯುಧಗಳ ಪಟ್ಟಿಯಲ್ಲಿ ಕತ್ತಿ, ಬಾಕು, ಭರ್ಜಿಗಳ ಜೊತೆಗೆ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಚಾಕುಗಳು ಸೇರಿವೆ. ಮನೆಗೆಲಸಕ್ಕೆ, ಬೇಸಾಯಕ್ಕೆ, ಕೈಗಾರಿಕೆಗೆಂದು ತಯಾರಾದವನ್ನು ಅದರಿಂದ ಹೊರಗಿಡಲಾಗಿದೆ. ನಾಲ್ಕು ಅಂಗುಲದ ಚಾಕು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗೆಂದು ಎಲ್ಲ ಕಡೆಯೂ ಒಯ್ಯಬಹುದೆಂದಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಧಿಕಾರಿಗಳು ನಿರ್ದಿಷ್ಟ ಅವಧಿಗೆ ಆಯುಧ ಹಿಡಿದು ಓಡಾಡುವುದನ್ನು ನಿಷೇಧಿಸಬಹುದು, ಅಂಥ ಆದೇಶವಿರುವ ದಿನ ಚಾಕು ಮನೆಯಲ್ಲೇ ಇರಲಿ. ಜಂಬೂ ಸವಾರಿಯ ಜನಜಂಗುಳಿಗೆ, ಅರಮನೆಗೆ, ನ್ಯಾಯಾಲಯಕ್ಕೆ, ಶಾಲೆಗೆ, ರಾಜಕೀಯ ಸಭೆಗೆ ಹೋಗುವಾಗ ಆದೇಶವಿದ್ದರೂ ಇಲ್ಲದಿದ್ದರೂ ಬಿಟ್ಟುಹೋಗಬೇಕು. ವಿಮಾನದಲ್ಲಿ ಕೈಚೀಲದೊಳಗೆ ಬಿಡುವುದಿಲ್ಲ, ಸರಕಿನ ಜೊತೆ ಕಳಿಸುವ ಪೆಟ್ಟಿಗೆಯಲ್ಲಿ ಇಡಬೇಕು. ಮಂಡ್ಯದಿಂದ ರೈಲಿನಲ್ಲಿ ಹೋಗಿ ಬೆಂಗಳೂರಿನಲ್ಲಿ ಮೆಟ್ರೊ ಹತ್ತುವವರು ಬ್ಯಾಗು ತಪಾಸಣೆಯನ್ನು ನೆನಪಿಟ್ಟುಕೊಳ್ಳಬೇಕು. ಪೊಲೀಸರು ಕೇಳಿದರೆ ಜೇಬಿಗೆ ಕೈ ಹಾಕುವ ಮೊದಲು "ಸರ್, ಜೇಬಿನಲ್ಲಿ ತೋಟದ ಕೆಲಸದ ಚಾಕು ಇದೆ" ಎಂದು ಬಾಯಲ್ಲಿ ಹೇಳಿ. ದೇವರಾಜ ಮಾರುಕಟ್ಟೆಯಂಥ ಇಕ್ಕಟ್ಟಿನಲ್ಲಿ ಬಳಸಲೇಬೇಕಾದರೆ ಗೋಡೆಯ ಕಡೆಗೆ ತಿರುಗಿ, ತೊಡೆಯ ಎತ್ತರದಲ್ಲಿ ನಿಧಾನವಾಗಿ ತೆರೆದು ಕೆಲಸ ಮುಗಿಸಿ ಮುಚ್ಚಿ.

ಹರಿತ ಮತ್ತು ಎಣ್ಣೆ

ಮೊಂಡು ಚಾಕುವಿಗೆ ಹೆಚ್ಚು ಬಲ ಬೇಕು, ಹೆಚ್ಚು ಬಲ ಹಾಕಿದಾಗಲೇ ಅದು ಜಾರುತ್ತದೆ. ಒಂದು ಬದಿ ಒರಟು, ಇನ್ನೊಂದು ಬದಿ ನಯವಿರುವ ಸಾಣೆಕಲ್ಲನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯ ಮೇಲೆ ಅಲುಗದಂತೆ ಇಡಿ. ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದನ್ನು ಅರ್ಧಕ್ಕೆ ಬಾಗಿಸಿ, ಆ ಅರ್ಧವನ್ನು ಮತ್ತೆ ಅರ್ಧಕ್ಕಿಳಿಸಿದರೆ ಸುಮಾರು 22 ಡಿಗ್ರಿಯ ಕೋನ ಸಿಗುತ್ತದೆ. ಮಸೆಯಲು ಇದು ಸರಿಯಾದ ಓರೆ. ಎರಡೂ ಪಕ್ಕವನ್ನು ಸಮನಾಗಿ ಮಸೆದು, ಹಳೆಯ ಪತ್ರಿಕೆಯ ಹಾಳೆಯೊಂದನ್ನು ಗಾಳಿಯಲ್ಲಿ ಹಿಡಿದು ಕೊಯ್ದು ನೋಡಿ. ಹಾಳೆ ಹರಿಯದೆ ಕತ್ತರಿಸಿಕೊಂಡರೆ ಸಾಕು.

ಹಣ್ಣಿಗೂ ತರಕಾರಿಗೂ ಬಳಸುವ ಅಲಗಿಗೆ ಕೊಬ್ಬರಿ ಎಣ್ಣೆ ಸವರಬಹುದು, ಆದರೆ ಕೀಲಿಗೆ ಅದು ಬೇಡ. ಅಡುಗೆ ಎಣ್ಣೆಗಳು ಕೀಲಿನೊಳಗೆ ಕ್ರಮೇಣ ಅಂಟಾಗುತ್ತವೆ. ಕೊಬ್ಬರಿ ಎಣ್ಣೆಯಂತೂ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಪುಷ್ಯಮಾಸದ ಮುಂಜಾನೆ ಚಾಕು ಬಿಗಿದುಕೊಳ್ಳುತ್ತದೆ. ಹೊಲಿಗೆ ಯಂತ್ರದ ಎಣ್ಣೆಯ ಒಂದೇ ಹನಿಯನ್ನು ಕೀಲಿಗೆ ಬಿಟ್ಟು, ಹತ್ತು ಸಲ ತೆರೆದು ಮುಚ್ಚಿ, ಹೊರಬಂದ ಕೊಳೆಯನ್ನು ಒರೆಸಿ. ಕಬ್ಬು, ಬೆಲ್ಲ, ಹಣ್ಣು ಮುಟ್ಟಿದ ದಿನ ಬಿಸಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಅದ್ದಿ ಲಾಕಿನ ಸಂದನ್ನು ಉಜ್ಜಿ, ಒಣಗಿಸಿ, ಆಮೇಲೆ ಎಣ್ಣೆ ಬಿಡಬೇಕು.

ಆಯುಧಪೂಜೆಯ ದಿನ ಕುಡುಗೋಲು, ಗುದ್ದಲಿಗಳ ಸಾಲಿನಲ್ಲಿ ಈ ಚಾಕುವೂ ಕೂರುತ್ತದೆ. ನಮ್ಮ ಮನೆಯಲ್ಲಿ ಅದನ್ನು ಮುಚ್ಚಿಯೇ ಇಟ್ಟು, ಅರಿಶಿನ ಕುಂಕುಮವನ್ನು ಹಿಡಿಯ ಹೊರಮೈಗೆ ಮಾತ್ರ ಹಚ್ಚುತ್ತೇವೆ. ತೆರೆದಿಟ್ಟರೆ ಕುಂಕುಮದ ಪುಡಿ ಉದುರಿ ಬೀಳುವುದು ಲಾಕಿನ ಪಟ್ಟಿ ಕೂರುವ ಆ ಸಂದಿನೊಳಕ್ಕೇ.