ನನ್ನ ಕಥೆಯ ಅತ್ತೆ, ಸೊಸೆ ಒಂದೇ ಥರ ಮಾತಾಡುತ್ತಿದ್ದರು

"ಇಲ್ಲಿ ಮಾತಾಡ್ತಿರೋದು ಯಾರು ಅಂತಾನೇ ಗೊತ್ತಾಗಲ್ಲ" ಅಂದಳು ಅಕ್ಕ, ನನ್ನ ಕಥೆ ಓದಿ. ನಿಜ. ಧಾರವಾಡದ ಅತ್ತೆ, ಮೈಸೂರಿನ ಸೊಸೆ, ಇಬ್ಬರ ಬಾಯಲ್ಲೂ "ನಾನು ಹೊರಡುತ್ತೇನೆ" ಅಂತ ಬರೆದಿದ್ದೆ.

"ಎಂದಳು", "ಎಂದರು" ಎಲ್ಲ ಅಳಿಸಿ, ಬರೀ ಮಾತುಗಳನ್ನು ಜೋರಾಗಿ ಓದಿದೆ. ಯಾರ ಮಾತು ಅಂತ ನನಗೇ ತಿಳಿಯದ ಕಡೆ ಗುರುತು ಹಾಕಿದೆ. ಆಮೇಲೆ ಅತ್ತೆ "ನಾ ಹೊಂಟೆ" ಅಂದರು, ಸೊಸೆ "ಹೊರಡ್ತೀನಿ" ಅಂದಳು. ಸುಮ್ನೆ ಪ್ರತಿ ಪದವನ್ನೂ ಆಡುನುಡಿಗೆ ತಿರುಗಿಸಿದರೆ ಓದುವುದೇ ಕಷ್ಟ. ಕ್ರಿಯಾಪದದ ಕೊನೆ, ಅಲ್ಲೊಂದು ಇಲ್ಲೊಂದು "ಯವ್ವಾ", ಅಷ್ಟೇ ಸಾಕಾಯಿತು.

ಜಾಸ್ತಿ ಕೆಲಸ ಮಾಡಿದ್ದು ಮೌನ. ಸಿಟ್ಟು ಬಂದರೆ ಅತ್ತೆ ಉತ್ತರ ಕೊಡುವುದಿಲ್ಲ, ರೊಟ್ಟಿ ಬಡಿಯುವ ಸದ್ದು ಜೋರಾಗುತ್ತದೆ. "ಅವರಿಗೆ ಕೋಪ ಬಂತು" ಅನ್ನುವ ಸಾಲು ತೆಗೆದೇ ಬಿಟ್ಟೆ.

ಮೊನ್ನೆ ಹೆಸರು ಹೇಳದೆ ಅಕ್ಕನಿಗೆ ಆ ಪುಟ ಓದಿದೆ. ಎಲ್ಲೂ ತಪ್ಪದೆ ಯಾರ ಮಾತೆಂದು ಹೇಳಿದಳು.